ಅಮ್ಮಿಯ ಕೈಚೀಲ

ಕುಷ್ಟಗಿಯ ಮನೆಯನ್ನು ಅಮ್ಮಿ ಇಬ್ಬರು ಗಂಡುಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. "ನಾಳೆ ನನ್ನನ್ನು ನೋಡಿಕೊಳ್ಳುವವರು ಅವರೇ ತಾನೆ" ಎಂದಾಗ ನಾನು ಸುಮ್ಮನಾದೆ. ಮರುವರ್ಷ ಮನೆ ಮಾರಾಟವಾಯಿತು. ಅಮ್ಮಿಗೆ ಒಂದು ತಿಂಗಳು ಗಂಗಾವತಿಯಲ್ಲಿ ಅಣ್ಣನ ಮನೆ, ಮತ್ತೊಂದು ತಿಂಗಳು ಯಲಬುರ್ಗಾದಲ್ಲಿ ತಮ್ಮನ ಮನೆ. ಮುಸಲ್ಲಾ, ತಸ್ಬೀಹ್, ಬಿ.ಪಿ. ಮಾತ್ರೆಗಳಿದ್ದ ಕೈಚೀಲವನ್ನು ಅವರು ಎಲ್ಲೂ ಬಿಚ್ಚಿಡುತ್ತಿರಲಿಲ್ಲ.

ಸಿಟ್ಟು ತಡೆಯಲಾಗದೆ ಕೊಪ್ಪಳದಲ್ಲಿ ಪರಿಚಯದ ವಕೀಲರನ್ನು ಕಂಡೆ. 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು ಎಂದರು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ದಾನವಾದರೆ, ಮಾತು ತಪ್ಪಿದಾಗ ಅದನ್ನು ರದ್ದುಪಡಿಸುವಂತೆಯೂ ಕೇಳಬಹುದಂತೆ. ಅಮ್ಮಿಯ ಪತ್ರದಲ್ಲಿ ಆ ಒಂದು ಸಾಲು ಇರಲಿಲ್ಲ.

"ಕಾನೂನಿನಲ್ಲಿ ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ಹೊಣೆ. ನೀವೆಷ್ಟು ದಿನ ನೋಡಿಕೊಂಡಿದ್ದೀರಿ ಅಕ್ಕಾ?" ಎಂದು ಅವರು ಕೇಳಿದಾಗ ನಾನು ತಲೆ ತಗ್ಗಿಸಿದೆ.

ಈಗ ಅಮ್ಮಿ ನಮ್ಮಲ್ಲೇ ಇದ್ದಾರೆ. ಔಷಧಿಯ ಖರ್ಚನ್ನು ಅಣ್ಣ, ತಮ್ಮ ಕೊಡುತ್ತಾರೆ. ಅರ್ಜಿ ಕೊಡುವ ಪ್ರಸಂಗ ಬರಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಸಹೋದರಿಯರೇ, ಮಕ್ಕಳಿಗೆ ಕೊಡುವಾಗ ಅವರ ನಡುವೆ ನ್ಯಾಯ ಪಾಲಿಸಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಬದುಕಿರುವಾಗಲೇ ಎಲ್ಲವನ್ನೂ ಬರೆದುಕೊಡಬೇಕೆಂದಿಲ್ಲ. ನಮ್ಮ ನಂತರ ಯಾರಿಗೆ ಎಷ್ಟು ಪಾಲೆಂಬುದನ್ನು ಅಲ್ಲಾಹನೇ ನಿಶ್ಚಯಿಸಿದ್ದಾನೆ. ಕೊಡಲೇಬೇಕೆಂದಿದ್ದರೆ ತಿಳಿದವರನ್ನು ಕೇಳಿ, ನೋಡಿಕೊಳ್ಳುವ ಷರತ್ತನ್ನು ಬರೆಸಿ. ಹೆಣ್ಣುಮಕ್ಕಳಾದ ನಾವು ಆಸ್ತಿಯ ಪಾಲಿನೊಂದಿಗೆ ಹೊಣೆಯ ಪಾಲನ್ನೂ ನೆನಪಿಡೋಣ.

ಅಮ್ಮಿಯ ಕೈಚೀಲ ಈಗ ಖಾಲಿಯಾಗಿ ಗೂಟದಲ್ಲಿ ನೇತಾಡುತ್ತಿದೆ.