ಮನೆಯ ಗಿಳಿ

ಅರಸನು ಮಂತ್ರಾಲೋಚನೆ ನಡೆಸುವ ಸ್ಥಳವು ಹಕ್ಕಿಗಳಿಗೂ ಕಾಣದಂತಿರಬೇಕೆಂದು ಕೌಟಿಲ್ಯನು ವಿಧಿಸಿರುವನು. ಗಿಳಿ ಗೊರವಂಕಗಳಿಂದಲೂ ನಾಯಿಗಳಿಂದಲೂ ರಹಸ್ಯಗಳು ಹೊರಬಿದ್ದುದು ಕೇಳಿಬರುತ್ತದೆಂದು ಅದಕ್ಕೆ ಕಾರಣವನ್ನೂ ಹೇಳಿರುವನು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದಾಗ ಈ ಮಾತನ್ನೋದಿ ನಕ್ಕವರೂ ಇದ್ದಿರಬಹುದು. ಗಿಳಿಗೆ ದ್ವೇಷವೂ ಇಲ್ಲ, ಆಸೆಯೂ ಇಲ್ಲ. ಕೇಳಿದುದನ್ನು ಕೇಳಿದಂತೆಯೇ ನುಡಿಯುವುದು ಅದರ ಸ್ವಭಾವ. ಇಂದಿನ ಗಣಕಯಂತ್ರಗಳೊಳಗೂ ಅಂತಹುದೊಂದು ಗಿಳಿಯುಂಟು. ಅದಕ್ಕೆ ಲಾಗ್ ಎಂದು ಹೆಸರು.

ಮನೆಯಲ್ಲಿಯೇ ಕುಳಿತು ಬ್ಯಾಂಕಿನ ಹಣವನ್ನು ಕಳುಹಿಸುವವರಿಗೂ, ವೈದ್ಯರ ಭೇಟಿಗೆ ಹೆಸರು ಬರೆಸುವವರಿಗೂ ಕಾಣುವುದು ಪರದೆಯ ಮೇಲಣ ಪುಟವೊಂದೇ. ಅದರ ಹಿಂದೆ ಯಾರು ಯಾವಾಗ ಬಂದರು, ಏನನ್ನು ಕೋರಿದರು, ಕೆಲಸವು ಎಲ್ಲಿ ಕೆಟ್ಟಿತು ಎಂಬುದೆಲ್ಲವೂ ಸಾಲುಸಾಲಾಗಿ ದಾಖಲಾಗುತ್ತಿರುತ್ತದೆ. ಶಾನುಭೋಗನ ಕಡತದಂತೆ ಇದೂ ಅವಶ್ಯವಾದುದೇ. ಕೆಟ್ಟುದನ್ನು ಸರಿಪಡಿಸುವುದಕ್ಕೂ, ಕಳ್ಳನ ಹೆಜ್ಜೆಯನ್ನು ಹಿಡಿಯುವುದಕ್ಕೂ ಅದೇ ಆಧಾರ. ಭಾರತದಲ್ಲಿ 2022ರ ಏಪ್ರಿಲ್ ತಿಂಗಳಲ್ಲಿ ಹೊರಟ ಸರ್ಕಾರದ ನಿರ್ದೇಶವು ಲಾಗ್‌ಗಳನ್ನು 180 ದಿನಗಳ ಪರ್ಯಂತ ಕಾದಿಡಬೇಕೆಂದು ವಿಧಿಸಿತು. ಆದುದರಿಂದ ಗಿಳಿಯನ್ನು ಮನೆಯಿಂದ ಓಡಿಸುವಂತಿಲ್ಲ. ಅದರ ಕಿವಿಗೆ ಏನು ಬೀಳಬೇಕೆಂಬುದನ್ನಷ್ಟೇ ವಿಚಾರಿಸಬೇಕಾಗಿದೆ.

ಅನರ್ಥವು ಹೆಚ್ಚಾಗಿ ಸದುದ್ದೇಶದಿಂದಲೇ ಹುಟ್ಟುತ್ತದೆ. ನಡುರಾತ್ರಿಯಲ್ಲಿ ಏನೋ ದೋಷವು ತಲೆದೋರುತ್ತದೆ; ಕಾರಣವು ತಿಳಿಯದೆ ಬಳಲಿದ ಎಂಜಿನಿಯರನು, ಬಂದ ಕೋರಿಕೆಗಳನ್ನೆಲ್ಲ ಇದ್ದುದಿದ್ದಂತೆ ಬರೆದಿಡುವ ಒಂದು ಸಾಲಿನ ಆಜ್ಞೆಯನ್ನು ಸೇರಿಸುತ್ತಾನೆ. ದೋಷವು ನೀಗುತ್ತದೆ, ಆ ಸಾಲು ಮರೆತುಹೋಗುತ್ತದೆ. ಅಂದಿನಿಂದ ಪಾಸ್‌ವರ್ಡು, ಒಟಿಪಿ, ಕಾರ್ಡಿನ ಸಂಖ್ಯೆ, ರೋಗಿಯ ರೋಗ ಎಲ್ಲವೂ ಅದರಲ್ಲಿ ಶೇಖರವಾಗುತ್ತವೆ. ಹೆಸರಿನ ಜಾಗದಲ್ಲಿ ಅವಸರದಿಂದ ಪಾಸ್‌ವರ್ಡನ್ನೇ ಒತ್ತಿದ ವೃದ್ಧರೊಬ್ಬರ ಗುಟ್ಟು ಕೂಡ, 'ಇಂತಹ ಹೆಸರಿನವರಿಲ್ಲ' ಎಂಬ ದಾಖಲೆಯೊಡನೆ ಅಲ್ಲಿ ಉಳಿದುಬಿಡುತ್ತದೆ.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಾಗಿಲ್ಲ. ಪಾಸ್‌ವರ್ಡನ್ನು ಮರಳಿ ಓದಲಾಗದಂತೆ ಮಾರ್ಪಡಿಸಿ ಇಡುವುದು ಕ್ರಮ. ಟ್ವಿಟ್ಟರಿನಲ್ಲಿ ಈ ಮಾರ್ಪಾಟು ಮುಗಿಯುವ ಮೊದಲೇ ಪಾಸ್‌ವರ್ಡುಗಳು ಒಳಗಿನ ಲಾಗ್ ಒಂದರಲ್ಲಿ ಬರೆಯಲ್ಪಡುತ್ತಿದ್ದುವು. ಇದನ್ನು ಕಂಡುಕೊಂಡ ಆ ಸಂಸ್ಥೆಯು, 2018ರ ಮೇ ತಿಂಗಳಲ್ಲಿ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡು ಬದಲಾಯಿಸುವಂತೆ ಸೂಚಿಸಿತು. ಮರುವರ್ಷ ಫೇಸ್‌ಬುಕ್ಕೂ ಕೋಟ್ಯಂತರ ಪಾಸ್‌ವರ್ಡುಗಳು ತನ್ನಲ್ಲಿ ಓದಬಲ್ಲ ರೂಪದಲ್ಲಿಯೇ ಉಳಿದಿದ್ದುವೆಂದು ಒಪ್ಪಿಕೊಂಡಿತು. ಅದಕ್ಕಾಗಿ 2024ರಲ್ಲಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗವು ಅದರ ಒಡೆತನವುಳ್ಳ ಮೆಟಾ ಸಂಸ್ಥೆಗೆ 9 ಕೋಟಿ 10 ಲಕ್ಷ ಯೂರೋ ದಂಡವನ್ನು ವಿಧಿಸಿತು. ಎರಡೆಡೆಯಲ್ಲಿಯೂ ಹೊರಗಿನ ಕಳ್ಳನು ಬಂದ ಕುರುಹು ಸಿಕ್ಕಲಿಲ್ಲ. ಗುಟ್ಟು ಮನೆಯೊಳಗೇ ಬಯಲಾಗಿತ್ತು.

ಪರಿಹಾರವೇನು? ರಾತ್ರಿ ದಂಪತಿಗಳಾಡಿದ ಮಾತನ್ನು ಬೆಳಿಗ್ಗೆ ಹಿರಿಯರೆದುರಿಗೆ ಒಪ್ಪಿಸತೊಡಗಿದ ಗಿಳಿಯ ಕೊಕ್ಕಿಗೆ, ನಾಚಿದ ಸೊಸೆಯು ಓಲೆಯ ಕೆಂಪುಹರಳನ್ನು ದಾಳಿಂಬದ ಬೀಜವೆಂಬಂತೆ ಇಟ್ಟಳೆಂದು ಅಮರುಕನು ವರ್ಣಿಸಿರುವನು. ಬರೆದಾದಮೇಲೆ ಹುಡುಕಿ ಅಳಿಸುವುದು ಈ ಬಗೆಯದು. ಅಷ್ಟರಲ್ಲಿ ಕೆಲವು ಮಾತು ಹೊರಬಿದ್ದೇ ಇರುತ್ತದೆ. ಇಂತಿಂತಹುದನ್ನು ಬರೆಯಬೇಡವೆಂದು ನಿಷೇಧಿಸುವುದಕ್ಕಿಂತ, ಇಷ್ಟನ್ನು ಮಾತ್ರ ಬರೆಯೆಂದು ವಿಧಿಸುವುದೇ ಲೇಸು. ನಿಷೇಧದ ಪಟ್ಟಿಯಲ್ಲಿ ಯಾವುದಾದರೊಂದು ತಪ್ಪಿಹೋಗುವುದು ಸಹಜ. ಕಾರ್ಡಿನ ಗುರುತು ಬೇಕಾದರೆ ಕೊನೆಯ ನಾಲ್ಕು ಅಂಕಿ ಸಾಕು. ದೂರವಾಣಿ ಸಂಖ್ಯೆಯನ್ನು ಬರಿದೆ ಹ್ಯಾಷ್ ಮಾಡಿಟ್ಟರೆ ಸಾಲದು; ಹತ್ತಂಕಿಯ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಹೋಲಿಸಿ ನೋಡುವುದು ಇಂದಿನ ಯಂತ್ರಕ್ಕೆ ಅಲ್ಪಕಾಲದ ಕೆಲಸ. ಗುಟ್ಟನ್ನು ಪುಟದ ವಿಳಾಸದೊಳಗೆ ಸೇರಿಸಕೂಡದು, ಏಕೆಂದರೆ ವಿಳಾಸವು ಸಾಮಾನ್ಯವಾಗಿ ಲಾಗ್‌ನಲ್ಲಿ ಪೂರ್ತಿಯಾಗಿ ದಾಖಲಾಗುತ್ತದೆ.

ಪರದೆಯ ಮೇಲಿನ ಸಂದೇಶದಲ್ಲಿಯೂ ಸಂಯಮವು ಬೇಕು. 'ಪಾಸ್‌ವರ್ಡು ತಪ್ಪು' ಎಂದರೆ, ಆ ಹೆಸರಿನವರು ಇಲ್ಲಿರುವರೆಂಬುದನ್ನು ಅಪರಿಚಿತನಿಗೆ ತಿಳಿಸಿದಂತಾಯಿತು. 'ಹೆಸರೋ ಪಾಸ್‌ವರ್ಡೋ ಸರಿಯಿಲ್ಲ' ಎಂಬಷ್ಟೇ ಸಾಕು.

ಪಿಂಚಣಿಗೂ ಬ್ಯಾಂಕಿಗೂ ಮೊಮ್ಮಕ್ಕಳ ಪತ್ರಕ್ಕೂ ಒಂದೇ ಪಾಸ್‌ವರ್ಡನ್ನು ನೆನಪಿಟ್ಟುಕೊಂಡ ಮುದುಕಿಯರು ಎಷ್ಟೋ ಮಂದಿ ಇರುವರು. ಒಂದೆಡೆ ಅದು ಸೋರಿದರೆ ಅವರ ಮೂರು ಬಾಗಿಲುಗಳೂ ತೆರೆದಂತೆಯೇ. ಗುಟ್ಟನ್ನು ಒಪ್ಪಿಸುವಾಗ ಅವರು ಮನೆಯ ಯಜಮಾನನನ್ನು ನಂಬಿದ್ದರು. ಆ ಮನೆಯಲ್ಲಿ ಗಿಳಿಯಿರುವುದು ಅವರಿಗೆ ಗೊತ್ತೇ ಇರಲಿಲ್ಲ.