ಬಾಡಗಂಡಿಯಲ್ಲಿ ಆರು ದಿನ

ಬಾಗಲಕೋಟೆಯಿಂದ ಬಿಜಾಪುರದ ಹಾದಿ ಹಿಡಿದು, ಅನಗವಾಡಿಯ ಸೇತುವೆಯ ಮೇಲಿಂದ ಘಟಪ್ರಭೆಯನ್ನು ದಾಟಿದೊಡನೆ ಬೀಳಗಿ ಸೀಮೆಯ ಎರೆನೆಲವು ಕಣ್ಣಿಗೆ ಬೀಳುತ್ತದೆ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ಘಟಪ್ರಭೆ. ಚಿಕ್ಕಸಂಗಮದಲ್ಲಿ ಒಂದಾಗುವ ಮುನ್ನ ಇವೆರಡೂ ಈ ಸೀಮೆಯನ್ನು ನಡುವೆ ಇಟ್ಟುಕೊಂಡು ಹರಿಯುತ್ತವೆ. ಆಲಮಟ್ಟಿಯ ಹಿನ್ನೀರು ನಿಂತಂದಿನಿಂದ ಹೊಳೆಯು ಹೊಳೆಯಾಗಿ ಉಳಿಯದೆ, ಮಳೆಗಾಲ ಕಳೆದ ಮೇಲೆಯೂ ಕೆರೆಯಂತೆ ಹರಡಿಕೊಂಡಿರುತ್ತದೆ. ಬಾಡಗಂಡಿಯು ಈ ಸೀಮೆಯ ಊರು. ಕಬ್ಬಿನ ಹಂಗಾಮಿನಲ್ಲಿ ಬಂದವರಿಗೆ ಇಲ್ಲಿ ದಾರಿ ಕೇಳುವ ಕಾರಣವಿಲ್ಲ. ಕಾರ್ಖಾನೆಯ ಕಡೆಗೆ ತೆವಳುವ ಟ್ರ್ಯಾಕ್ಟರುಗಳ ಸಾಲೂ ಕಾಕಂಬಿಯ ವಾಸನೆಯೂ ತಾವಾಗಿಯೇ ದಾರಿ ತೋರಿಸುತ್ತವೆ.

ನಾವು ಅಲ್ಲಿಗೆ ಹೋದದ್ದು ಊರು ನೋಡಲಿಕ್ಕಲ್ಲ. ನಮ್ಮ ಅಕ್ಕನವರ ಮನೆಯ ಹಗೇವಿನ ಪಕ್ಕದ ಕೊಟ್ಟಿಗೆಯಲ್ಲಿ ಭಾವನವರ ಡೀಸೆಲ್ ಅಂಬಾಸಿಡರ್ ಗಾಡಿಯು ಹನ್ನೊಂದು ವರ್ಷಗಳಿಂದ ನಿಂತಲ್ಲಿಯೇ ನಿಂತಿತ್ತು. ಭಾವನವರು ತೀರಿಕೊಂಡ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ಈಗ ಗುಜರಿಯವನೊಬ್ಬನು ತೂಕದ ಮೇಲೆ ಬೆಲೆ ಕಟ್ಟಿ ಹೋಗಿದ್ದನು.

"ಸೋಮವಾರ ಬರ್ತಾನ, ತಮ್ಮಾ," ಎಂದರು ಅಕ್ಕನವರು. "ಅಷ್ಟರಾಗ ಅದು ಒಂದ್ ಸಲ ಉಸಿರಾಡಿದರ ಇಟಗೋತೀನಿ. ಇಲ್ಲಾಂದ್ರ ಹೋಗಲಿ."

ಅಂದು ಮಂಗಳವಾರ.

ಕೊಟ್ಟಿಗೆಗೆ ಹೋಗಿ ನೋಡಿದರೆ ಅಳಿಯನು ಆಗಲೇ ಗಾಡಿಯ ಮೂತಿಗೆ ಹಗ್ಗ ಬಿಗಿದು, ಮತ್ತೊಂದು ತುದಿಯನ್ನು ಟ್ರ್ಯಾಕ್ಟರಿಗೆ ಕಟ್ಟಿದ್ದನು. "ಮಾಮಾ, ಒಂದ ಫರ್ಲಾಂಗ ಜಗ್ಗಿದರ ಸಾಕು, ತಾನ ಚಾಲೂ ಆಗತೈತಿ" ಎಂಬುದು ಅವನ ಭರವಸೆ. ನಮಗೂ ಅದು ಸರಿಯೆಂದೇ ತೋರಿತೆಂಬುದನ್ನು ಮುಚ್ಚಿಡಲಾರೆವು. ಅಷ್ಟರಲ್ಲಿ ಅಕ್ಕನವರು ಹೇಳಿ ಕಳುಹಿಸಿದ್ದ ಮಿಸ್ತ್ರಿಯವರು ಸೈಕಲ್ಲಿನ ಮೇಲೆ ಬಂದಿಳಿದರು. ವಯಸ್ಸು ಎಪ್ಪತ್ತರ ಮೇಲೆ. ಕೃಷ್ಣೆಯ ದಂಡೆಯುದ್ದಕ್ಕೂ ನೀರೆತ್ತುವ ಡೀಸೆಲ್ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು.

"ಹಗ್ಗ ಮದ್ಲ ಬಿಚ್ಚಪಾ, ತಮ್ಮಾ," ಎಂದರು. "ಜಗ್ಗಿದರ ಇಂಜಿನ್ ತಿರಗತೈತಿ, ಪಂಪ ತಿರಗೂದಿಲ್ಲ. ನಡುವಿನ ದಂಡ ಮುರಕೊಂಡು ಕೈಗೆ ಬರತೈತಿ."

ಡೀಸೆಲ್ ಇಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ಗಿಲ್ಲವೆಂಬುದು ವಾಚಕರಿಗೆ ಗೊತ್ತಿರಬಹುದು. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಲ್ಲಿ ಎಣ್ಣೆಯು ತಾನೇ ಹೊತ್ತಿಕೊಳ್ಳಬೇಕು. ಹಾಗೆ ಹೊತ್ತಬೇಕಾದರೆ ಅದು ಸರಿಯಾದ ಕ್ಷಣಕ್ಕೆ, ಸರಿಯಾದ ಅಳತೆಯಲ್ಲಿ, ಮಂಜಿನಂತೆ ಒಳಗೆ ಚಿಮ್ಮಬೇಕು. ರುಡಾಲ್ಫ್ ಡೀಸೆಲ್ಲನು 1897ರಲ್ಲಿ ತನ್ನ ಯಂತ್ರವನ್ನು ನಡೆಸಿ ತೋರಿಸಿದಾಗ ಈ ಕೆಲಸಕ್ಕೆ ಒತ್ತಿದ ಗಾಳಿಯ ದೊಡ್ಡ ಸಲಕರಣೆಯೇ ಬೇಕಾಗಿತ್ತು. ಅದನ್ನು ಹೊತ್ತು ಮೋಟಾರು ಗಾಡಿ ಓಡುವುದೆಲ್ಲಿಂದ ಬಂತು? ಜರ್ಮನಿಯ ಬಾಷ್ ಕಾರ್ಖಾನೆಯು 1927ರಲ್ಲಿ ಚಿಕ್ಕ ಪಂಪನ್ನು ಹೇರಳವಾಗಿ ತಯಾರಿಸತೊಡಗಿದ ಮೇಲೆಯೇ ದಾರಿ ತೆರೆಯಿತು. 1936ರಲ್ಲಿ ಮರ್ಸಿಡಿಸ್ ಬೆಂಜ್‌ನವರ ಡೀಸೆಲ್ ಕಾರು ಬಂದಿತು. ನಮ್ಮ ಬೆಂಗಳೂರಿನಲ್ಲಿ 1951ರಲ್ಲಿ ಮೈಕೋ ಕಾರ್ಖಾನೆಯು ಹುಟ್ಟಿ, ಇಂಥ ಪಂಪುಗಳು ಕನ್ನಡ ನಾಡಿನಲ್ಲಿಯೇ ತಯಾರಾಗಹತ್ತಿದವು. ಅಂಬಾಸಿಡರಿಗೆ ಡೀಸೆಲ್ ಇಂಜಿನ್ನು ಕೂಡಿದ್ದು 1980ರಲ್ಲಿ. ಅದರ ಬಲವು 37 ಅಶ್ವಶಕ್ತಿ ಮಾತ್ರ. ಭಾವನವರು ಅದನ್ನೇ ಆನೆಬಲವೆಂದು ಹೊಗಳುತ್ತಿದ್ದರು.

ಮಿಸ್ತ್ರಿಯವರು ಮೊದಲು ಇಂಜಿನ್ನು ಸಿಕ್ಕಿಕೊಂಡಿದೆಯೋ ಪಂಪೋ ಎಂಬುದನ್ನು ಗೊತ್ತು ಮಾಡಿಕೊಂಡರು. ಪಂಪಿನ ಅಂಚಿಗೂ ಇಂಜಿನ್ನಿನ ಮೈಗೂ ಸೇರಿಸಿ ಮೊಳೆಯಿಂದ ಒಂದು ಗೆರೆ ಕೊರೆದು, ಪಂಪನ್ನು ಬಿಚ್ಚಿ ಹೊರಗಿಟ್ಟರು. ಆ ಗೆರೆ ತಪ್ಪಿದರೆ ಮರಳಿ ಕೂಡ್ರಿಸುವಾಗ ಎಣ್ಣೆ ಚಿಮ್ಮುವ ಕಾಲವೇ ತಪ್ಪುತ್ತದೆ. ಒಂದೊಂದು ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಪಾನದಿಂದ ತಿರುವಿದರೆ ಇಂಜಿನ್ನು ನರಳುತ್ತಾದರೂ ತಿರುಗಿತು. ಪಂಪಿನ ದಂಡ ಮಾತ್ರ ಕಲ್ಲು.

ಅದು ಹಾಗಾಗಲು ಕಾರಣವಿಷ್ಟೆ. ಈ ಜಾತಿಯ ಪಂಪಿನಲ್ಲಿ ಒಂದೇ ತಿರುಗುದಂಡವು ನಾಲ್ಕೂ ಸಿಲಿಂಡರುಗಳಿಗೆ ಸರದಿಯಂತೆ ಎಣ್ಣೆ ಹಂಚುತ್ತದೆ. ದಂಡಕ್ಕೂ ಅದರ ಮನೆಗೂ ನಡುವಿನ ಸಂದು ತಲೆಗೂದಲಿನ ದಪ್ಪದಲ್ಲಿ ಹತ್ತನೆಯ ಒಂದಂಶಕ್ಕಿಂತಲೂ ಕಿರಿದು. ಅದಕ್ಕೆ ಬೇರೆ ಜಿಡ್ಡು ಹಾಕುವ ಏರ್ಪಾಡಿಲ್ಲ. ಹರಿಯುವ ಡೀಸೆಲ್ಲೇ ಅದರ ಜಿಡ್ಡು. ವರ್ಷಗಟ್ಟಲೆ ನಿಂತ ಡೀಸೆಲ್ಲು ಅಂಟಾಗುತ್ತದೆ. ಟಾಕಿಯಲ್ಲಿ ಕೂಡಿದ ನೀರು ತುಕ್ಕು ಹಿಡಿಸುತ್ತದೆ. ಸೋಸುಬಟ್ಟಲನ್ನು ಬಿಚ್ಚಿ ಬೋರಲು ಹಾಕಿದಾಗ ಕಂದು ರಾಡಿಯೂ ಅದರಡಿಯಲ್ಲಿ ನೀರಿನ ಗುಂಡುಗಳೂ ಬಿದ್ದವು. ವಾಸನೆಯು ಹಳೆಯ ವಾರ್ನಿಷಿನದು.

ಪಂಪಿನ ಮೈ ತೊಳೆದು, ಒಳಗಿನ ಹಳೆಯ ಎಣ್ಣೆಯನ್ನು ಬಸಿದು, ಅರ್ಧ ಡೀಸೆಲ್ಲು ಅರ್ಧ ಸೀಮೆಎಣ್ಣೆ ತುಂಬಿ, ಅದೇ ಮಿಶ್ರಣದ ಡಬ್ಬಿಯಲ್ಲಿ ಅದನ್ನು ಮುಳುಗಿಸಿಟ್ಟು ಮಿಸ್ತ್ರಿಯವರು ಹೊರಟುಬಿಟ್ಟರು. ಬುಧವಾರ ಬಂದು ಬೆರಳಿನಿಂದ ದಂಡವನ್ನು ಆಚೆಗೊಮ್ಮೆ ಈಚೆಗೊಮ್ಮೆ ಒತ್ತಿ ನೋಡಿ, ತಲೆಯಲ್ಲಾಡಿಸಿ, ಚಹಾ ಕುಡಿದು ಹೋದರು. ಗುರುವಾರವೂ ಅಷ್ಟೇ. ನಮಗೆ ತಡೆಯದಾಯಿತು. ಅಂದು ಮಧ್ಯಾಹ್ನ ನಾವೂ ಅಳಿಯನೂ ಡಬ್ಬಿಯಿಂದ ಪಂಪನ್ನು ತೆಗೆದು, ಮಾರುದ್ದದ ಪೈಪು ತೊಡಿಸಿದ ಪಾನವನ್ನು ದಂಡಕ್ಕೆ ಹಚ್ಚಿಯೇಬಿಟ್ಟಿದ್ದೆವು. ಅಕ್ಕನವರು ಬಾಗಿಲಲ್ಲಿ ನಿಂತು ನೋಡಿದರು. "ಅವರು ಬರೂತನಕ ತಡೀರಿ" ಎಂದರು, ಮತ್ತೇನೂ ಅನ್ನಲಿಲ್ಲ. ಕಳ್ಳರಂತೆ ಅದನ್ನು ಮರಳಿ ಡಬ್ಬಿಯಲ್ಲಿಟ್ಟೆವು.

ಆ ಸಂಜೆ ಮಿಸ್ತ್ರಿಯವರು ಹಳೆಯದೊಂದು ಸಂಗತಿ ಹೇಳಿದರು. ಹೊಳೆಯ ದಂಡೆಯ ಇಂಜಿನ್ನೊಂದರ ಪಂಪಿನಲ್ಲಿ ಎಣ್ಣೆಯ ಅಳತೆ ಹಿಡಿಯುವ ಕಂಬಿಯು ಪೂರ್ತಿ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿತ್ತಂತೆ. ಚಾಲೂ ಮಾಡಿದ್ದೇ ತಡ, ಇಂಜಿನ್ನು ಹುಚ್ಚೆದ್ದು ಕೂಗುತ್ತ ವೇಗ ಏರಿಸಿತು. ನಿಲ್ಲಿಸುವ ಹಿಡಿಯೂ ಅದೇ ಕಂಬಿಗೆ ಕೂಡಿದ್ದರಿಂದ ಕೆಲಸಕ್ಕೆ ಬರಲಿಲ್ಲ. ಒದ್ದೆ ಗೋಣಿಚೀಲವನ್ನು ಗಾಳಿಯ ಬಾಯಿಗೆ ತುರುಕಿ ಉಸಿರು ಕಟ್ಟಿಸಿ ನಿಲ್ಲಿಸಬೇಕಾಯಿತು. "ಚಾಲೂ ಮಾಡೂದು ಯಾರಿಗೂ ಬರತೈತ್ರಿ. ನಿಂದರಸೂದು ಹೆಂಗ ಅಂತ ಮದ್ಲ ತಿಳಕೊಂಡಿರಬೇಕು" ಎಂದರು. ನಮ್ಮ ಪಂಪಿನಲ್ಲಿ ಅಳತೆಯ ಕೆಲಸ ಕಿರುಬೆರಳಿಗಿಂತ ಚಿಕ್ಕದೊಂದು ಕವಾಟದ್ದು. ದಂಡ ಬಿಟ್ಟರೂ ಅದು ಬಿಡದಿದ್ದರೆ ಇದೇ ಗತಿ.

ಶುಕ್ರವಾರ ಮುಂಜಾನೆ ಡಬ್ಬಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ತಾಸೊತ್ತು ಇಟ್ಟರು. ಬೆಂಕಿ ತೋರಿಸಕೂಡದು, ಸುತ್ತಿಗೆ ಮುಟ್ಟಿಸಕೂಡದು. ಬಳಿಕ ದಂಡವನ್ನು ಒತ್ತಿದಾಗ ಅದು ಎಳ್ಳಿನಷ್ಟು ಜರುಗಿತು. ಮರಳಿ ಹಿಂದಕ್ಕೆ ತಂದರು. ಮತ್ತಷ್ಟು ಸೀಮೆಎಣ್ಣೆ, ಮತ್ತೊಂದು ಎಳ್ಳು. ಹನ್ನೊಂದು ಗಂಟೆಯ ಹೊತ್ತಿಗೆ ಪೂರ್ತಿ ಒಂದು ಸುತ್ತು ತಿರುಗಿತು. ಮೇಲಿನ ಮುಚ್ಚಳ ತೆಗೆದು, ಅಂಟು ಕಟ್ಟಿದ್ದ ಕವಾಟವನ್ನು ಮೆತ್ತನೆಯ ಅರಿವೆಯಿಂದ ಒರೆಸಿದರು. ಅಳಿಯನು ಉಸುಕಿನ ಕಾಗದ ತಂದದ್ದನ್ನು ಕಂಡು ಅವರು ಸಿಟ್ಟಾದದ್ದು ಆ ಒಂದೇ ಸಲ.

ಶನಿವಾರ ಪಂಪು ಬಾಗಲಕೋಟೆಗೆ ಹೋಗಿ, ಪರೀಕ್ಷಾ ಯಂತ್ರದ ಮೇಲೆ ತಿರುಗಿ, ಹೊಸ ರಬ್ಬರು ಉಂಗುರಗಳನ್ನು ತೊಟ್ಟು ಮರಳಿತು. ದಂಡದ ಮೇಲೆ ಗೀರು ಬಿದ್ದಿರಲಿಲ್ಲವೆಂದು ಅಂಗಡಿಯವರು ಹೇಳಿದಾಗ ನಮಗೆ ಆ ಮಾರುದ್ದದ ಪೈಪು ನೆನಪಾಯಿತು.

ರವಿವಾರ ಟಾಕಿ ತೊಳೆದು, ಸೋಸುವ ಗಟ್ಟಿ ಬದಲಿಸಿ, ಗೆರೆಗೆ ಗೆರೆ ಕೂಡಿಸಿ ಪಂಪನ್ನು ಬಿಗಿದರು. ಕೈಪಂಪಿನಿಂದ ಎಣ್ಣೆಯನ್ನೊತ್ತಿ, ನಳಿಗೆಗಳಲ್ಲಿಯ ಗಾಳಿಯ ಗುಳ್ಳೆಗಳನ್ನೆಲ್ಲ ಹೊರಡಿಸಿದರು. ಚಿಮ್ಮುವ ತುದಿಗೆ ಕೈಯೊಡ್ಡಬಾರದೆಂದು ಅಳಿಯನಿಗೆ ಎರಡು ಸಲ ಹೇಳಿದರು. ಆ ಒತ್ತಡದ ಎಣ್ಣೆಯು ತೊಗಲನ್ನು ತೂರಿ ಒಳಗೆ ಹೋಗುತ್ತದೆ, ಹೋದರೆ ಆಸ್ಪತ್ರೆಯೇ ಗತಿ. ಗಾಳಿಯ ಬಾಯಿಯ ಹತ್ತಿರ ಹಲಗೆಯನ್ನು ಹಿಡಿದು ನಿಲ್ಲುವ ಕೆಲಸ ನಮ್ಮ ಪಾಲಿಗೆ ಬಂದಿತು.

ನಾಲ್ಕನೆಯ ಯತ್ನಕ್ಕೆ ಒಂದು ಸಿಲಿಂಡರು ಕೆಮ್ಮಿತು. ಐದನೆಯದಕ್ಕೆ ನಾಲ್ಕೂ. ಕೊಟ್ಟಿಗೆಯ ತುಂಬ ಬಿಳಿ ಹೊಗೆ. ಎತ್ತುಗಳು ಕಣ್ಣಿ ಜಗ್ಗಿದವು. ಮಿಸ್ತ್ರಿಯವರು ಮೊದಲು ಮಾಡಿದ ಕೆಲಸವೆಂದರೆ ಹಿಡಿ ಎಳೆದು ಇಂಜಿನ್ನನ್ನು ನಿಲ್ಲಿಸಿದ್ದು. ಅದು ನಿಂತಿತು. ಆಗ ನಕ್ಕು, ಮತ್ತೆ ಚಾಲೂ ಮಾಡಿದರು. ಹಲಗೆಯು ನಮ್ಮ ಕೈಯಲ್ಲಿ ಸುಮ್ಮನೆ ಉಳಿಯಿತು.

ಅಕ್ಕನವರು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ಮುಂದೆ ಕೂಡ್ರಿರೆಂದರೆ ಒಪ್ಪದೆ, ಹಿಂದಿನ ಆಸನದಲ್ಲಿ ಎಡಗಡೆಗೆ, ತಾವು ಎಂದೂ ಕೂಡುತ್ತಿದ್ದ ಜಾಗದಲ್ಲಿಯೇ ಕುಳಿತರು. ಅಂಗಳದಲ್ಲಿ ಎರಡು ಸುತ್ತು ಹಾಕಿದೆವು. ಟೈರುಗಳು ಹಳೆಯವಾದ್ದರಿಂದ ಹೆದ್ದಾರಿಗೆ ಇಳಿಯಲು ಮಿಸ್ತ್ರಿಯವರು ಬಿಡಲಿಲ್ಲ.

ಸೋಮವಾರ ಗುಜರಿಯವನು ತಕ್ಕಡಿ ಸಮೇತ ಬಂದನು. ಅಕ್ಕನವರು ಅವನಿಗೆ ಚಹಾ ಕೊಟ್ಟು, ಹಳೆಯ ಟೈರುಗಳಿಗೆ ಏನು ಕೊಡುತ್ತೀ ಎಂದು ಕೇಳಿದರು.