ಉಪ್ಪು ಹಿಡಿಯುವ ಹೊತ್ತು

ಉಪ್ಪು ಬಿದ್ದರೆ ಮಿಡಿ ನೀರು ಬಿಡುತ್ತದೆ. ಮಲೆನಾಡಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ನಮ್ಮ ಸಾಗರದ ಕಡೆ ಬೇಸಿಗೆ ಕಾಲಿಟ್ಟಿತೆಂದರೆ ಉಪ್ಪಿನಕಾಯಿಯ ಎಳೆಮಾವು ಅಪ್ಪೆಮಿಡಿಯದೇ ಮಾತು. ಯಾವ ಹೊಳೆಯಂಚಿನ ಮರ ಈ ಸಲ ಬಿಟ್ಟಿದೆ, ಹತ್ತಿ ಕೊಯ್ಯುವವರು ಸಿಗುತ್ತಾರೋ ಇಲ್ಲವೋ, ನೂರಕ್ಕೆ ಏನು ದರ. ತೊಟ್ಟು ಮುರಿದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳವೂ ಹೋಯಿತು ಎಂದು ದೊಡ್ಡಮ್ಮ ಒಂದೊಂದನ್ನೂ ತೊಟ್ಟಿನ ಸಮೇತ ತೊಳೆದು, ಬಟ್ಟೆಯ ಮೇಲೆ ಆರಿಸಿ, ಭರಣಿಯೊಳಗೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಎಂದು ತುಂಬುತ್ತಾಳೆ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಅಲ್ಲಿ ಉಪ್ಪು ಪುಡಿಮಾಡುವ ಕೆಲಸ ಮಾತ್ರ.

ಮಿಡಿ ನೀರು ಬಿಡುವುದರ ಹಿಂದಿರುವ ಸಂಗತಿ ಪ್ಯಾರಿಸ್ಸಿನ ಪಾದ್ರಿಯೊಬ್ಬರ ಕಣ್ಣಿಗೆ ಬಿದ್ದದ್ದು 1748ರಲ್ಲಿ. ಜಾಂ ಆಂಟ್ವಾನ್ ನೊಲೆ ಎಂದು ಹೆಸರು. ಜನರನ್ನು ಸಾಲಾಗಿ ಕೈಕೈ ಹಿಡಿಸಿ ನಿಲ್ಲಿಸಿ, ಅವರ ಮೈಗೆ ವಿದ್ಯುತ್ ಹರಿಸಿ ಎಲ್ಲರೂ ಒಟ್ಟಿಗೆ ಹಾರುವುದನ್ನು ನೋಡಿದ ಆಸಾಮಿ! ಮದ್ಯಸಾರಕ್ಕೆ ಗಾಳಿ ಸೋಕದಿರಲೆಂದು ಅದರ ಸೀಸೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದು ನೀರಲ್ಲಿ ಮುಳುಗಿಸಿಟ್ಟಿದ್ದರು. ಕೆಲವು ಗಂಟೆ ಬಿಟ್ಟು ನೋಡಿದರೆ ಪೊರೆ ಉಬ್ಬಿ ನಿಂತಿದೆ. ಸೂಜಿ ಚುಚ್ಚಿದರೆ ಒಳಗಿನದು ಚಿಲ್ಲೆಂದು ಮೇಲಕ್ಕೆ ಚಿಮ್ಮಿತು. ಹುಡುಕುತ್ತಿದ್ದದ್ದು ಬೇರೇನನ್ನೋ, ಸಿಕ್ಕಿದ್ದು ಇದು. ನೀರು ಒಳಗೆ ನುಗ್ಗಿದಷ್ಟು ಸಲೀಸಾಗಿ ಮದ್ಯಸಾರಕ್ಕೆ ಹೊರಬರಲು ಆಗಿರಲಿಲ್ಲ. ಮುಂದೆ ದ್ಯುತ್ರೊಶೆ ಎಂಬ ವಿಜ್ಞಾನಿ ನೀರು ಹೀಗೆ ಪೊರೆ ದಾಟುವುದಕ್ಕೆ ಹೆಸರಿಟ್ಟರು. 1877ರಲ್ಲಿ ಫೆಫರ್ ಎಂಬ ಇನ್ನೊಬ್ಬ ವಿಜ್ಞಾನಿ ಅದರ ಒತ್ತಡವನ್ನು ಅಳೆದು ತೋರಿಸಿದರು.

ಮಿಡಿಯ ಒಂದೊಂದು ಜೀವಕೋಶಕ್ಕೂ ಅಂಥದೊಂದು ಪೊರೆ ಇದೆ. ಹತ್ತು ಸಾವಿರ ಪೊರೆ ಪೇರಿಸಿದರೂ ಒಂದು ಕಾಗದದ ಹಾಳೆಯಷ್ಟು ದಪ್ಪವಾದೀತು, ಅಷ್ಟೆ. ಎರಡು ಪದರ ಕೊಬ್ಬಿನದು. ವಿದ್ಯುದಂಶ ಹೊತ್ತ ಉಪ್ಪಿನ ಕಣಗಳನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ನೀರಿಗೆ ಅಷ್ಟು ಅಡ್ಡಿಯಿಲ್ಲ. ಹೊರಗೆ ಉಪ್ಪು ಹೆಚ್ಚಿದಾಗ ಒಳಗಿನ ನೀರು ಅತ್ತ ಹರಿಯುತ್ತದೆ, ಪೊರೆ ಕೋಶದ ಗೋಡೆಯಿಂದ ಬಿಟ್ಟುಕೊಂಡು ಒಳಕ್ಕೆ ಕುಗ್ಗುತ್ತದೆ, ಮಿಡಿ ಮುರುಟಿಕೊಳ್ಳುತ್ತದೆ.

ನನಗೆ ಇಲ್ಲಿ ಹಿಡಿಸಿದ್ದು ಉಪ್ಪಿನ ಸರದಿ. ಭರಣಿಯಲ್ಲಿ ನೀರು ತುಂಬಿದ ಹೊಸತರಲ್ಲಿ ಒಂದು ಮಿಡಿ ಕಚ್ಚಿ ನೋಡಿ. ಸಿಪ್ಪೆಗೆ ನಾಲಿಗೆ ಸುಡುವಷ್ಟು ಉಪ್ಪು, ಒಳಗಿನ ಬಿಳಿ ತಿರುಳಿಗೆ ಬರಿಯ ಹುಳಿ. ಜೀವ ಇರುವ ತನಕ ಪೊರೆ ಉಪ್ಪನ್ನು ಹೊರಗೇ ತಡೆದಿಟ್ಟುಕೊಳ್ಳುತ್ತದೆ. ನೀರು ಬತ್ತಿ ಕೋಶ ಸತ್ತಮೇಲೆ ಪೊರೆ ಹರಿದು, ಉಪ್ಪು ಒಳಗಿನವರೆಗೆ ಇಳಿಯುತ್ತದೆ. ಗೋಡೆ ಮಾತ್ರ ಗಟ್ಟಿ ಉಳಿಯುವುದರಿಂದ ವರ್ಷ ಕಳೆದರೂ ಹಲ್ಲಿಗೆ ಕುರುಕುರು ಸಿಗುವುದು. ಇಷ್ಟಾದ ಮೇಲೆಯೇ ದೊಡ್ಡಮ್ಮ ಒಂದನ್ನು ಕಚ್ಚಿ ನೋಡಿ, "ಉಪ್ಪು ಹಿಡೀತು, ಸಾಸಿವೆ ಕಡೀಲಕ್ಕು" ಎನ್ನುವುದು. ಒಂದು ದಿನ ಮೊದಲು ಹೇಳಿಸಲು ಯಾರಿಂದಲೂ ಆಗಿಲ್ಲ.

ನೀರು ಅಷ್ಟು ಬೇಗ ದಾಟುವುದು ಹೇಗೆ ಎಂಬುದು ಬಹುಕಾಲ ಬಗೆಹರಿದಿರಲಿಲ್ಲ. ಅಮೆರಿಕದ ಪೀಟರ್ ಆಗ್ರೆ ರಕ್ತದ ಗುಂಪಿನ ಪ್ರೋಟೀನ್ ಹುಡುಕುತ್ತಿದ್ದಾಗ ಕೆಂಪು ರಕ್ತಕಣದಲ್ಲಿ ಬೇರೊಂದು ಸಿಕ್ಕಿಬಿದ್ದಿತು. ಅದನ್ನು ಕಪ್ಪೆಯ ಮೊಟ್ಟೆಯಲ್ಲಿ ತಯಾರಾಗುವಂತೆ ಮಾಡಿ, ಉಪ್ಪಿನಂಶ ಕಡಿಮೆಯ ನೀರಿಗೆ ಹಾಕಿದರೆ ಮೊಟ್ಟೆ ಊದಿ ಒಡೆದೇ ಹೋಯಿತು. ಮಾಮೂಲಿ ಮೊಟ್ಟೆ ಹಾಗೇ ಇತ್ತು. 1992ರ ಮಾತಿದು. ನೀರಿಗೆಂದೇ ಇರುವ ಆ ಬಾಗಿಲಿಗೆ ಅಕ್ವಾಪೊರಿನ್ ಎಂದು ಹೆಸರಾಯಿತು. 2003ರಲ್ಲಿ ಆಗ್ರೆಗೆ ನೊಬೆಲ್ ಬಂತು. ಒಂದೊಂದು ಬಾಗಿಲಿನಿಂದ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ದಾಟುತ್ತವೆ.

ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಲೇ ಕೇಳಿದಳು: "ಬಾಗಿಲು ಇದ್ದಮೇಲೆ ಮುಚ್ಚಲೂ ಬತ್ತನೋ ಮಾಣಿ?"

ಬರುತ್ತದೆ. ಬರಗಾಲದಲ್ಲಿ ಗಿಡಗಳು ಅಂಥ ಎಷ್ಟೋ ಬಾಗಿಲುಗಳನ್ನು ಮುಚ್ಚಿಕೊಳ್ಳುತ್ತವೆ. ಆದರೆ ಕೊಬ್ಬಿನ ಪದರದಿಂದಲೂ ನೀರು ನಿಧಾನ ಜಿನುಗುವುದು ತಪ್ಪುವುದಿಲ್ಲ, ಭರಣಿಯಲ್ಲಿ ಉಪ್ಪೂ ಕಡಿಮೆಯಾಗುವುದಿಲ್ಲ. "ಹಂಗಾರೆ ಮುಚ್ಚಲಿ ಬಿಡು, ನಂಗೇನು ಅವಸರ ಇಲ್ಲೆ" ಎಂದಳು ದೊಡ್ಡಮ್ಮ.